ಅಂಗಿಯ ಚೀಟಿಯಲ್ಲಿ ಮಿರ್ಲೆ

ಅಲ್ಲ ರೂಪ, ಕಂಪನಿಯಿಂದ ಪಟ ತೆಗೆಯೋಕೆ ಬಂದೋನು ಕೇಳಿದ್ದು ನಿಮ್ಮೂರು ಯಾವುದು ಅಂತ. ನಾನು ಹೇಳಿದ್ದು ಮಿರ್ಲೆ ಅಂತ. ಇದ್ರಲ್ಲಿ ನಂದೇನು ತಪ್ಪು? ಅತ್ತೆ ಮೇಲೆ ಅಂಗೆ ಕಣ್ಣು ಬಿಟ್ರೆ ಆಯ್ತಾ? ಹೆಣ್ಣುಮಕ್ಕಳನ್ನ ಊರು ಕೇಳಿದ್ರೆ ತವರೇ ಹೇಳೋದು ಕಣಮ್ಮಿ! ನಿನ್ನ ಕೇಳಿದ್ರೆ ಗಾವಡಗೆರೆ ಅನ್ನಲ್ವಾ ನೀನು? ...ನೋಡು, ತುಟಿ ಕಚ್ಚಿಕೊಂಡೆ. ಅಂತೀಯ! ಈ ಮನೆ ಸೊಸೆಯಾಗಿ ಮುದುಕಿಯಾದ್ರೂ ಅಂತೀಯ.

ಕೆ.ಆರ್. ನಗರದ ಕಡೆಯಿಂದ ಈ ಅಂತರಸಂತೆ ಕಾಡಂಚಿಗೆ ಬಂದು ನನ್ನ ತಲೆ ನೆರೀತು. ಇವತ್ತಿಗೂ ಬೀದೀಲಿ ನನ್ನ ಏನಂತ ಕರೀತಾರೆ? ಕುಳ್ಳಮ್ಮ ಅಂತಾರಾ? ಡೇರಿಗೆ ಹೋದ್ರೆ ಮಿರ್ಲೆಯವ್ವ, ರೇಷನ್ ಅಂಗಡೀಲಿ ಮಿರ್ಲೆಯವ್ವ. ಊರೆಲ್ಲ ಕರೆದ್ರೆ ಸರಿ, ನಾನು ಹೇಳಿಕೊಂಡ್ರೆ ಸುಳ್ಳಾ?

ಬಟ್ಟೆಗೆ ಪಾಸ್‌ಪೋರ್ಟಂತೆ! ಈ ಮನೇಲಿ ಒಬ್ಬರಿಗೂ ಇಲ್ಲ ಪಾಸ್‌ಪೋರ್ಟು, ಅಂಗಿಗೆ ಬೇಕು! ಕಾಲರಿನ ಹಿಂದೆ ಚೀಟಿ, ಚೀಟಿ ಮೇಲೆ ಇರುವೆ ಮುತ್ತಿದಂಗೆ ಕಪ್ಪು ಚೌಕ, ಅದಕ್ಕೆ ಫೋನು ಹಿಡಿದ್ರೆ ಹತ್ತಿ ಬೆಳೆದ ಊರು, ನೂಲು ತೆಗೆದ ಮಿಲ್ಲು, ಹೊಲಿದ ಕಾರ್ಖಾನೆ ಎಲ್ಲ ಬತ್ತದಂತೆ. ಮೊದಲು ಬರೋದೇ ಬೆಳೆದ ಊರು ಮಿರ್ಲೆ ಅಂತ, ಜೊತೇಲಿ ನನ್ನ ಮುಖ... ಯಾಕೆ ನಗ್ತೀಯ? ಹಲ್ಲಿಲ್ಲ ಅಂತಾನಾ? ಕಂಪನಿಯ ಶರತ್ತೇ ಅಲ್ವಾ, ನಗಿ ಅವ್ವ, ನಗಿ ಅವ್ವ ಅಂತ ಪ್ರಾಣ ತಿಂದದ್ದು?

ಈಗ ಅದೇನೋ, ಹೊರದೇಶದ ಕೊಳ್ಳೋರು ಆಕಾಶದಿಂದ ತೆಗೆದ ಪಟದಲ್ಲಿ ಮಿರ್ಲೆ ಹುಡುಕಿದ್ರಂತೆ. ಎತ್ತ ನೋಡಿದ್ರೂ ನಾಲೆ ನೀರು, ಭತ್ತದ ಗದ್ದೆ. ಹತ್ತಿ ಗಿಡ ಒಂದೂ ಇಲ್ಲ. ಎಲ್ಲಿಂದಲೋ ತಂದ ಹತ್ತಿಗೆ ಮುದುಕಿ ಮುಖ ಅಂಟಿಸವ್ರೆ ಅಂತ ಅನುಮಾನ ಪಟ್ಟು, ನಿಮ್ಮ ಹೆಣ್ಣುಮಕ್ಕಳ ಸಂಘದ ಹತ್ತೀನೆಲ್ಲ ಮಿಲ್ಲಲ್ಲೇ ತಡೆದವ್ರೆ. ಎಲ್ಲಿಂದಲೋ ತಂದದ್ದಾ? ನೋಡು ಈ ಕೈನ! ಕಾಯಿ ಸಿಪ್ಪೆ ಚುಚ್ಚಿ ಚುಚ್ಚಿ ಉಗುರಿನ ಬುಡ ಎಂಗಾಗದೆ ನೋಡು! ಇದರ ಪಟ ತೆಗೀಲಿಲ್ಲ ಅವನು.

ಸಂಘದ ಲಕ್ಷ್ಮಿದೇವಿ ಬೆಳಿಗ್ಗೆ ಬಾಗಿಲಲ್ಲಿ ನಿಂತು ಅಂದೋದ್ಲು, 'ಮಿರ್ಲೆಯವ್ವ, ನಿನ್ನ ತವರು ನಮ್ಮ ಬಾಯಿಗೆ ಮಣ್ಣಾಕ್ತು' ಅಂತ. ಗೊತ್ತು ಕಣಮ್ಮಿ. ಈ ಸಲ ಮಿಲ್ಲಿಂದ ಹತ್ತಿ ವಾಪಸ್ ಬಂದ್ರೆ ಇನ್ನು ಈ ಸಂಘದ್ದು ಯಾರೂ ಮುಟ್ಟಲ್ಲ. ನೀನು ಮನೆ ಮನೆ ಬಾಗಿಲು ತಟ್ಟಿ ಕಟ್ಟಿದ ಸಂಘ, ನಂಗೆ ಗೊತ್ತಿಲ್ವಾ? ಅದಕ್ಕೇ ಹೇಳ್ತಿರೋದು. ಶರತ್ ಫೋನ್ ಮಾಡಲಿ, ಮುದುಕಿ ಬಾಯ್ತಪ್ಪಿ ಅಂದ್ಲು ಅಂತ ಹೇಳ್ತೀನಿ. ಮುಗೀತಲ್ಲ?

ಮತ್ಯಾಕೆ ಅಂಗೆ ನೋಡ್ತೀಯ?

ಅವನು ಸರಿಯಾಗಿ ಕೇಳಬೇಕಿತ್ತು! ಹತ್ತಿ ಬೆಳೆದದ್ದು ಯಾವೂರಲ್ಲಿ ಅಂತ ಬಿಡಿಸಿ ಕೇಳಬೇಕಿತ್ತು... ಏನು? ಕೇಳಿದ್ನಾ? ಅವನೇ ಅಂದ್ನಾ ನಿನ್ನತ್ರ? ಸರಿ, ಕೇಳಿದ ಅಂತಲೇ ಇಟ್ಟುಕೊ. ಗಲಾಟೇಲಿ ನಂಗೆ ಕೇಳಿಸಲಿಲ್ಲ. ...ಹೊಲದಲ್ಲಿ ಎಂಥ ಗಲಾಟೆಯಾ? ಗಾಳಿ ಬೀಸ್ತಿತ್ತು!

ಹೊಲ ನಿನ್ನ ಮಾವಂದು, ಅವರು ಹೋದ ಮೇಲೆ ನಿನ್ನ ಗಂಡಂದು. ಬಿತ್ತಿದ್ದು, ಕಳೆ ಕಿತ್ತದ್ದು, ಬಿಡಿಸಿದ್ದು ನಾನು. ನನ್ನ ಹೆಸರು ಯಾರಿಗೆ ಬೇಕಾಗಿತ್ತು ಇಷ್ಟು ದಿನ? ಇವನೊಬ್ಬ ಬಂದ, ಹೆಸರು ಕೇಳಿದ, ಲೋಕಕ್ಕೆಲ್ಲ ಕಾಣ್ತದೆ ಅಂದ. ಲೋಕ ಅಂದ್ರೆ ಎಲ್ಲಿವರ್ಗಪ್ಪ ಅಂದೆ. ಜರ್ಮನಿ ಅಂದ, ಜಪಾನ್ ಅಂದ. ಮಿರ್ಲೆಯೋರ ಫೋನಿಗೂ ಬತ್ತದಾ ಅಂತ...

ಏನಿಲ್ಲ. ಸುಮ್ಮನೆ ಕೇಳಿದೆ.

ಸುಮ್ಮನೆ ಕೇಳಿದೆ ಅಂದೆನಲ್ಲ! ಬಸವರಾಜುನ ಮಕ್ಕಳು ನೋಡಲಿ ಅಂತೇನಲ್ಲ. ನನ್ನ ತಮ್ಮ ಅವನು ಇರೋವರ್ಗೂ ಗೌರಿ ಹಬ್ಬಕ್ಕೆ ಬಾಗಿನ ತಪ್ಪಿಸ್ಲಿಲ್ಲ. ಅವನು ಹೋದ, ಮುಗೀತು. ಹೊಸ ಮನೆ ಕಟ್ಟಿದ್ರಂತೆ, ಒಕ್ಕಲೂ ಆಯ್ತಂತೆ. ಬಸ್ಸಲ್ಲಿ ಪಕ್ಕ ಕೂತ ಯಾರೋ ಹೇಳಿದ್ರು ನಂಗೆ. ಓ ಅಂದೆ, ಗೊತ್ತಿರೋಳಂಗೆ! ಆ ಮನೇಲಿ ಹುಟ್ಟಿದವಳು ಒಬ್ಬಳು ಇನ್ನೂ ಬದುಕವ್ಳೆ ಅಂತ ಆ ಮಕ್ಕಳಿಗೆ... ಯಾರಾದ್ರೂ ಅಂಗಿ ಕೊಂಡೋರು ಫೋನಲ್ಲಿ ತೋರಿಸಿ, ನಿಮ್ಮೂರೋಳು ಕಣ್ರೋ ಇವಳು ಅಂದ್ರೆ...

ರೂಪ? ಬೈಯಮ್ಮಿ. ಇಷ್ಟೊತ್ತು ಕಣ್ಣಲ್ಲೇ ಬೈತಿದ್ದೆಯಲ್ಲ, ಈಗ ಯಾಕೆ ನೆಲ ನೋಡ್ತೀಯ?

ಬಂತು ಶರತ್ ಫೋನು. ಅವನೇ. ಕೊಡಿಲ್ಲಿ, ಹೇಳ್ತೀನಿ. ಮಿರ್ಲೆ ಅಲ್ಲಪ್ಪ, ಈ ಊರೇ, ಅಳಿಸಾಕು ಅಂತೀನಿ. ...ಕೊಡು ಅಂದ್ರೆ ಯಾಕೆ ಕೈ ಹಿಂದಕ್ಕೆ ಎಳ್ಕೊಳ್ತೀಯ? ಊರ ಹೆಂಗಸರ ಬೆಳೆ ಅಲ್ಲಿ ಕೂತದೆ, ಇವಳು ನನ್ನ ಮುಖ ನೋಡ್ಕೊಂಡು ನಿಂತವ್ಳೆ! ಕೊಡು.

...ತಾಳು. ಒಂದೇ ಮಾತು. ಅಳಿಸಿದ ಮೇಲೆ ಏನೂ ಉಳಿಯಲ್ವಾ? ಕೆಳಗೆ ಎಲ್ಲಾದ್ರೂ, ಸಣ್ಣಕ್ಷರದಲ್ಲಿ, ಹುಟ್ಟಿದೂರು ಅಂತ...

ಇಲ್ಲ ಅನ್ನು ಬೇಕಾದ್ರೆ. ಕೊಡು ಇತ್ಲಾಗೆ, ಫೋನು ಕಟ್ಟಾಗೋದ್ರೊಳಗೆ ನಾನೇ ಹೇಳ್ತೀನಿ ಕಣಮ್ಮಿ.