ಎಡಗಡೆಯ ಕೊಳಲು

ನಾವಿರುವ ಟೂಂಗಾಬಿ ಊರಿನಲ್ಲಿ ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಕರೆಂಟೂ ಹೋಗಿತ್ತು. ಊಟಕ್ಕೆ ಬಂದವರೆಲ್ಲ ಕುಸುಮಾವತಿ ಆಂಟಿಯ ಸುತ್ತ ಕೂತೆವು. "ನೀವು ಮೆಲ್ಬರ್ನ್ ಯಾಕೆ ಬಿಟ್ರಿ ಆಂಟಿ?" ಅಂತ ದೀಕ್ಷಿತಾ ಕೇಳಿದಳು. ಆಂಟಿ ಶಾಲು ಹೊದ್ದುಕೊಂಡು ನಿಧಾನವಾಗಿ ಶುರುಮಾಡಿದರು.

"ಅಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಗೋಪೀನಾಥ ಅಂತ ಮೈಸೂರಿನವರು, ರಿಟೈರ್ಡ್ ಇಂಜಿನಿಯರ್, ಹೆಂಡತಿ ಅಹಲ್ಯಾ. ಮ್ಯೂಸಿಯಮ್ಮಿನಲ್ಲಿ ಹಳೇ ಗ್ರೀಕರ ಮಡಕೆ ಮೇಲೆ ಒಬ್ಬ ಎರಡು ಕೊಳಲು ಒಟ್ಟಿಗೆ ಬಾಯಿಗಿಟ್ಟು ಊದುವ ಚಿತ್ರ ನೋಡಿದ್ದೇ, ಇವರಿಗೆ ಅದೇ ಗುಂಗು. ಆಲೋಸ್ ಅಂತೆ ಅದರ ಹೆಸರು. ಗರಾಜಿನಲ್ಲಿ ಕೂತು ಮರ ಕೊರೆದು, ತೂತು ತೆಗೆದು, ಒಂದೊಂದರ ತಲೆಗೂ ಜೊಂಡಿನ ಪೀಪಿ ಸಿಕ್ಕಿಸಿ, ಎರಡರ ಸ್ವರ ಜಗಳ ಆಡದ ಹಾಗೆ ಆ ಪೀಪಿಗಳನ್ನು ಕೆರೆದು ಕೆರೆದು... ವರ್ಷವೇ ಹೋಯ್ತು. ಮುಗಿಯಿತು ಅನ್ನುವಾಗ ಎಂತ ಆಯ್ತು ಗೊತ್ತುಂಟಾ? ಸ್ಟ್ರೋಕ್. ಎಡಗೈ ಸ್ವಾಧೀನ ತಪ್ಪಿತು. ಇನ್ನು ಎಡದ ಕೊಳಲಿನ ತೂತು ಮುಚ್ಚುವುದು ಯಾರು? ಅಹಲ್ಯಾ ಪಕ್ಕ ಬಂದು ಕೂತಳು. 'ನೀವು ಊದಿ, ಇದನ್ನ ನಾನು ನೋಡ್ಕೋತೀನಿ.' ದಿನಾ ಸಂಜೆ ನನ್ನ ಅಡುಗೆಮನೆಗೆ ಕೇಳ್ತಿತ್ತು.

ಎರಡು ಸಾವಿರದ ಆರರ ಚಳಿಗಾಲದಲ್ಲಿ ಅವಳು ಹೋದಳು. ಕ್ಯಾನ್ಸರ್ ಮೂಳೆಗೆ ಹತ್ತಿತ್ತು, ಬೆರಳು ಮಡಚಿದ್ರೂ ನೋವು...

ಆಮೇಲೆ ಒಂದು ದಿನ ಅವರು ನನ್ನನ್ನು ಕರೆದರು. 'ಕುಸುಮಕ್ಕ, ಇದು ನನ್ನ ಭ್ರಮೆನಾ, ನೀವೇ ಹೇಳಿ.' ಎಡದ ಕೊಳಲನ್ನು ಒಂದು ಸ್ಟ್ಯಾಂಡಿಗೆ ಕಟ್ಟಿದ್ರು, ಬಲದ್ದನ್ನು ಬಲಗೈಯಲ್ಲಿ ಹಿಡಿದು, ಎರಡನ್ನೂ ಬಾಯಿಗಿಟ್ಟು ಊದಿದ್ರು. ಎಡದ ತೂತೆಲ್ಲ ತೆರೆದೇ ಉಂಟು, ಕಣ್ಣಾರೆ ನೋಡ್ತಾ ಇದ್ದೇನೆ... ಹಾಗಿದ್ರೆ ಕೀರಲು ಸ್ವರ ಒಂದೇ ಬರಬೇಕಲ್ವಾ? ಬಂದದ್ದು ತಗ್ಗಿನ ಸ್ವರ. ಎಲ್ಲಾ ತೂತೂ ಮುಚ್ಚಿದ್ರೆ ಮಾತ್ರ ಬರುವಂಥದ್ದು. ಆಮೇಲೆ ರಾಗ ಮೆಲ್ಲ ಏರಿತು, ಇಳಿಯಿತು. ನಾನು ಬೆರಳು ಚಾಚಿದೆ. ತೂತು ಸಿಗಲಿಲ್ಲ ಮಾರಾಯ್ತಿ. ಚರ್ಮ ಸಿಕ್ಕಿತು... ತಣ್ಣಗೆ.

ಗೋಪೀನಾಥರು ಊದುವುದು ನಿಲ್ಲಿಸಿ ಕೇಳಿದ್ರು, 'ಅಹಲ್ಯಾ, ಬೆರಳು ಇನ್ನೂ ನೋಯುತ್ತಾ?' ಮಗುವಿನ ಹಾಗೆ ಅತ್ತರು.

ಮರುವರ್ಷ ಅವರೂ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಆ ಬಾಗಿಲು ನೋಡಿಕೊಂಡು ಪಕ್ಕದಲ್ಲಿ ಇರಲಿಕ್ಕೆ ನನಗೆ ಆಗಲಿಲ್ಲ, ಇಲ್ಲಿ ಮಗನ ಮನೆಗೆ ಬಂದೆ."

"ಕೊಳಲು ಏನಾಯ್ತು?" ದೀಕ್ಷಿತಾಳ ದನಿ ಸಣ್ಣಗಾಗಿತ್ತು.

"ಬರುವಾಗ ನಾನೇ ತಂದೆ, ಒಳಗೆ ನನ್ನ ಕೋಣೆಯಲ್ಲುಂಟು. ಧೂಳು ಒರೆಸುವಾಗ ಎಡದ್ದನ್ನು ಮಾತ್ರ ಮುಟ್ಟುವುದಿಲ್ಲ ನಾನು... ಅಹಲ್ಯಾ ಇನ್ನೂ ಕೈ ತೆಗೆದಿಲ್ಲ. ಅವರು ಹೋದದ್ದು ಆಸ್ಪತ್ರೆಯಲ್ಲಲ್ವಾ ಮಗಾ, ಅವಳಿಗೆ ಗೊತ್ತೇ ಆಗಲಿಲ್ಲ. ಇವತ್ತು ಹೇಳಿಬಿಡುವ ಅಂತ ದಿನಾ ಅದರ ಹತ್ತಿರ ಹೋಗ್ತೇನೆ... ಹೇಗೆ ಹೇಳುವುದು?"