ಎಡಕ್ಕ ಕುಣಿದ ಮುಳ್ಳು

ಸ್ವಲ್ಪ ಹತ್ರ ಸರೀರಿ, ಜೋರಾಗಿ ಹೇಳೂ ಮಾತಲ್ಲ ಇದು. ಎಂಬತ್ತಾರನೇ ಇಸವಿ. ನಮ್ಮ ಕಾಕಾನ ಮಗ ಶಿದ್ಲಿಂಗಣ್ಣ ಕಲಘಟಗಿಯೊಳಗ ಸುಟ್ಟ ಮೋಟಾರಿಗೆ ಹೊಸಾ ತಂತಿ ಸುತ್ತತಿದ್ದ.

ಒಂದಿನ ದೇವಿಕೊಪ್ಪದಾಗ ಕೆಲಸಾ ಮುಗಿಸಿ ಒಬ್ಬನ ನಡಕೋತ ಬರೂ ಹೊತ್ತಿಗೆ ರಾತ್ರಿ ಹತ್ತು ದಾಟಿತ್ತು. ಹಾದ್ಯಾಗ ಆಲದಮರ, ಅದರ ಬಾಜು ಕುಬೇರಪ್ಪನ ಬಾವಿ. ಪಂಪಿನ ಮನಿಯೊಳಗ ಕಂದೀಲು ಉರೀತಿತ್ತು. ಕುಬೇರಪ್ಪ ಬಾಗಲದಾಗ ನಿಂತು ಕರದ. ಕರದದ್ದಲ್ಲ, ಗದರಿದ್ದು. ನೀ ಸುತ್ತಿಕೊಟ್ಟ ಮೋಟಾರ ಕೂಡಸಾಕ ಬರವಲ್ದು, ಹನ್ನೊಂದಕ್ಕ ತ್ರೀಫೇಸ್ ಕರೆಂಟ ಬಿಡತಾರ, ಅಷ್ಟರಾಗ ಕೂಡಿಸಿ ಹೋಗು ಅಂದ.

ಒಳಗ ಹೋಗಿ ನೋಡಿದ್ರ... ಆರೂ ವೈರು ಬೋಳು. ಮೋಟಾರಿನಾಗ ಮೂರು ಸುತ್ತು ಇರತಾವ. ಒಂದೊಂದಕ್ಕ ಒಂದು ತಲಿ, ಒಂದು ಬಾಲ. ಗುರ್ತಿಗೆ ಅಂತ ಶಿದ್ಲಿಂಗಣ್ಣ ದಾರಾ ಕಟ್ಟಿ ಕಳಿಸಿದ್ದ. ಯಾರೋ ಕೊಯ್ದಿದ್ರು. ಒಂದು ಸುತ್ತು ಉಲ್ಟಾ ಕೂಡಿತಂದ್ರ ಮೋಟಾರ ನೆಟ್ಟಗ ತಿರಗೂದಿಲ್ಲ, ಗುರಗುಟ್ಟಿ ಸುಡತೈತಿ.

ಬ್ಯಾಟರಿ ಸೆಲ್ಲು, ಬಲ್ಬು ಹಚ್ಚಿ ಯಾವ ತುದಿಗೆ ಯಾವ ತುದಿ ಅಂತ ಮೂರು ಜೋಡಿ ಹುಡುಕಿದ. ಆಮ್ಯಾಲೆ ಮೊದಲನೇ ಸುತ್ತಿಗೆ ಸೆಲ್ಲು, ಎರಡನೇದಕ್ಕ ಮೀಟರು. ಸೆಲ್ಲು ಮುಟ್ಟಿಸಿದ. ಟಿಕ್. ಮುಳ್ಳು ಬಲಕ್ಕ ಕುಣೀತು. ಬಲಕ್ಕ ಬಂದ್ರ ತಲಿ ಯಾವುದು, ಬಾಲ ಯಾವುದು ಗೊತ್ತಾಗತೈತಿ; ಗುರ್ತು ಮಾಡಿದ. ಮೀಟರು ಮೂರನೇದಕ್ಕ ಹಚ್ಚಿದ. ಟಿಕ್. ಎಡಕ್ಕ. ತುದಿ ಅದಲಿಬದಲಿ ಮಾಡಿದ. ಈಗ ಬಲಕ್ಕ ಬರಬೇಕು... ಮತ್ತ ಎಡಕ್ಕ. ಮತ್ತ ಬದಲಿಸಿದ. ಎಡಕ್ಕ. ಎಡಕ್ಕ ಅಂದ್ರ, ಬಾವಿ ಇದ್ದ ಕಡೆ.

ಸೆಲ್ಲು ಕೆಳಗಿಟ್ಟ. ಮುಳ್ಳು ತಾನ ಕುಣೀತು. ಟಿಕ್... ಟಿಕ್...

ಆವಾಗ ಬಾವಿಯೊಳಗಿಂದ ಒಂದು ಪಿಸುದನಿ.

"ಅಣ್ಣಾ... ನಾ ಇನ್ನೂ ನೀರಾಗದೇನಿ. ಚಾಲೂ ಮಾಡಬ್ಯಾಡ."

ಕುಬೇರಪ್ಪನ ತಮ್ಮ ಈರಪ್ಪ ಹಿಂದಿನ ಬ್ಯಾಸಗಿಯೊಳಗ ಪೈಪಿಗೆ ಸಿಕ್ಕ ಕಸಾ ತಗೀಲಿಕ್ಕೆ ಅದ ಬಾವಿಗೆ ಇಳದಿದ್ದ. ಮ್ಯಾಲೆ ಮೋಟಾರ ಚಾಲೂ ಆತು, ನೀರಿಗೆ ಕರೆಂಟ ಇಳೀತು, ಸತ್ತ. ತಮ್ಮ ಒಳಗಿದ್ದದ್ದು ನನಗ ಗೊತ್ತ ಇರಲಿಲ್ಲ ಅಂತ ಕುಬೇರಪ್ಪ ಊರ ಮುಂದ ಅತ್ತಿದ್ದ.

ಈಗ ಅಳಲಿಲ್ಲ. ಬಾವಿ ಕಡೆ ಹೊಳ್ಳಿ ಸಣ್ಣಗ ಅಂದ:

"ಅವತ್ತೂ ಹಿಂಗ ಅಂದಿದ್ದಿ."

ಶಿದ್ಲಿಂಗಣ್ಣ ವೈರು ಕೈಬಿಟ್ಟು ಎದ್ದ. ನಾ ಕೂಡಸೂದಿಲ್ಲರಿ ಅಂದ. ಕುಬೇರಪ್ಪ ಅವನ್ನ ಬಾಜು ದಬ್ಬಿ ತಾನ ಆರೂ ವೈರು ಕೂಡಿಸಿದ. ಕರೆಂಟ ಬಂತು. ಗ್ವಾಡಿಗಿದ್ದ ಸ್ಟಾರ್ಟರಿನ ಹಸರ ಗುಂಡಿ ಒತ್ತಿದ. ಖಟ್. ಮೋಟಾರ ತಿರಗಲಿಲ್ಲ. ಗುಂಂಂ... ಅಂತ ಗುರಗುಟ್ಟಿತು. ಆ ಸಪ್ಪಳದ ಒಳಗ ಇನ್ನೊಂದು ಸಪ್ಪಳ... ಬಾವಿ ಮೆಟ್ಟಲದ ಮ್ಯಾಲೆ ಹಸೀ ಕಾಲು. ಪಚಕ್. ಪಚಕ್. ಕೆಳಗಿಂದ ಮ್ಯಾಲೆ ಬರಾಕ ಹತ್ತಿತ್ತು. ಕಂದೀಲು ಆರಿತು. ಶಿದ್ಲಿಂಗಣ್ಣ ಓಡಿದ.

ಮುಂಜಾನೆ ಮಂದಿ ಕಟಗೊಂಡು ಹೋದ. ನಾನೂ ಇದ್ದೆ. ಕುಬೇರಪ್ಪ ಸ್ಟಾರ್ಟರಿನ ಕೆಳಗ ಕುಂತಿದ್ದ. ಜೀವ ಇತ್ತು, ಮಾತಿರಲಿಲ್ಲ. ಬಾವಿಯೊಳಗ ಎರಡಾಳು ನೀರು. ಅವನ ಕಾಲಿಗೆ ಮೊಣಕಾಲತನಕ ಬಾವಿತಳದ ಕರೇ ಕೆಸರು ಹತ್ತಿತ್ತು, ಧೋತರ ಮಾತ್ರ ಅಗದಿ ಒಣಗಿತ್ತು.

ಸುಳ್ಳಂತೀರೇನು? ಆ ಕಾಲು ತೊಳದಾಂವ ನಾ. ಮೂರು ಕೊಡಾ ನೀರು ಹಿಡೀತು.