ನಾಲ್ಕನೆಯ ತಟ್ಟು

ನನ್ನ ಹೆಸರು ಟೋರ್ಬೆನ್ ಹಿನ್ರಿಕ್ಸ್, ವಯಸ್ಸು 37 ವರ್ಷ, ಉದ್ಯೋಗ ಡ್ರಮ್ ವಾದನ, ವಾಸ ಓಲ್ಡೆನ್‌ಬುರ್ಗ್. ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು, ಹಾಡುವ ವೀಬ್ಕೆ, ಗಿಟಾರಿನ ಮಾಲ್ಟೆ, ಬೇಸ್ ಗಿಟಾರಿನ ಹೌಕೆ ಯಾನ್ಸೆನ್ ಒಂದೇ ಶಾಲೆಯವರು. ಹದಿನಾರನೆಯ ವಯಸ್ಸಿನಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ತಂಡ ಕಟ್ಟಿದೆವು. ಎರಡು ಹಾಡು ರೇಡಿಯೋದಲ್ಲಿ ಓಡಿದವು, ಆಮೇಲಿನವು ಓಡಲಿಲ್ಲ. ವ್ಯಾನ್ ಓಡಿಸುವವನು ನಾನೇ. ಹೊರಡುವಾಗ ನಾವು ತಲೆ ಎಣಿಸುವುದಿಲ್ಲ. ಸರದಿಯಂತೆ ಒಬ್ಬೊಬ್ಬರೂ ಕೈಗೆ ಸಿಕ್ಕ ಸೀಟೋ ಬಾಗಿಲೋ ಒಮ್ಮೆ ತಟ್ಟಬೇಕು. ನಾಲ್ಕಾದರೆ ಗಾಡಿ ಹೊರಡುತ್ತದೆ. ಇಪ್ಪತ್ತೊಂದು ವರ್ಷ ಹೀಗೇ ನಡೆದಿದೆ. ಕೊನೆಯ ತಟ್ಟು ಹೌಕೆಯದು.

ಇಂದು ಮಧ್ಯಾಹ್ನ 1.05ಕ್ಕೆ ಗೋಟಿಂಗೆನ್ ಕಾರ್ಯಕ್ರಮಕ್ಕೆ ಹೊರಟೆವು. ಇನ್ನು ಮುಂದೆ ಬೇಸನ್ನು ಧ್ವನಿಮುದ್ರಣದಿಂದಲೇ ಹಾಕೋಣವೆಂದು ದಾರಿಯಲ್ಲಿ ವೀಬ್ಕೆ ಹೇಳಿದಳು. ಹಂಗಾದ್ರೆ ನಾನ್ಯಾಕ್ರೋ ಬರ್ಲಿ, ಪೋಸ್ ಕೊಡೋಕಾ ಅಂತ ಹೌಕೆ ಕೇಳಿದ. ವ್ಯಾನಿಗೆ ಭಾರ ಬೇಕಲ್ಲ ಮಾರಾಯ ಅಂತ ಮಾಲ್ಟೆ ನಕ್ಕ. ನಾನೂ ನಕ್ಕೆ.

2.20ಕ್ಕೆ ವಾಲ್ಸ್‌ರೋಡೆ ಸಮೀಪದ ಹೆದ್ದಾರಿ ತಂಗುದಾಣದಲ್ಲಿ ನಿಲ್ಲಿಸಿದಾಗ ಹೌಕೆ ಕಾಫಿಗೆಂದು ಇಳಿದ. 2.41ಕ್ಕೆ ನಾಲ್ಕು ತಟ್ಟಾಯಿತು, ಹೊರಟೆವು. 61 ಕಿ.ಮೀ. ದಾಟಿದ ಮೇಲೆ, ಮುಂದೆ ನನ್ನ ಮತ್ತು ಮಾಲ್ಟೆಯ ಪಕ್ಕ ಕೂತಿದ್ದ ವೀಬ್ಕೆ ಬಿಸ್ಕತ್ತು ಕೊಡಲು ಹಿಂದೆ ತಿರುಗಿದಳು. ಹಿಂದಿನ ಸೀಟಿನಲ್ಲಿ ಅವನ ಬೇಸ್ ಗಿಟಾರು, ಮೊಬೈಲು ಮಾತ್ರ ಇದ್ದವು.

4.30ಕ್ಕೆ ವಾಪಸು ಹೋಗಿ ಹುಡುಕಿದೆವು, ಸಿಗಲಿಲ್ಲ. ನಿಮ್ ಗಾಡಿ ಹೋಗೋದನ್ನ ನೋಡ್ತಾ ಇಲ್ಲೇ ನಿಂತಿದ್ದ, ಕೂಗಪ್ಪಾ ಅಂದೆ, ಕೂಗ್ಲಿಲ್ಲ ಅಂತ ಕಾಫಿ ಕೊಡುವ ಹೆಂಗಸು ಹೇಳಿದಳು. ಅದನ್ನು ಕೇಳಿದಾಗಿನಿಂದ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ.

ನಾಲ್ಕನೆಯ ತಟ್ಟು ಯಾರದೆಂದು ತಾವು ಕೇಳಿದಿರಿ. ನನ್ನದು. ಹೌಕೆ ಯಾವಾಗಲೂ ತಡವಾಗಿ ತಟ್ಟುತ್ತಾನೆ, ತಾಳ ಎಳೆದರೆ ನನಗೆ ತಡೆದುಕೊಳ್ಳಲಾಗುವುದಿಲ್ಲ. ಒಂದು ವರ್ಷದಿಂದ ಅವನದನ್ನೂ ನಾನೇ ಸ್ಟಿಯರಿಂಗ್ ಮೇಲೆ ತಟ್ಟಿಬಿಡುತ್ತಿದ್ದೆ. ಇಂದೂ ಹಾಗೇ ತಟ್ಟಿದೆ.

ಹೌಕೆಯ ಚಹರೆ ಕೇಳಿದಿರಿ. ವೇದಿಕೆಯಲ್ಲಿ ನಾನು ಹಿಂದೆ ಕೂರುವವನು, ನನಗೆ ಕಾಣುವುದು ಅವನ ಬೆನ್ನೇ. ಕೂದಲು ತೆಳುವಾದ ನೆತ್ತಿ, ಎಡಕ್ಕೆ ವಾಲಿದ ಭುಜ, ಹಿಮ್ಮಡಿ ಸವೆದ ಕಂದು ಬೂಟು, ಇಷ್ಟು ಖಚಿತ. ಇಂದು ಗಡ್ಡವಿತ್ತೇ ಎಂದರೆ ನಾವು ಮೂವರೂ ಹೇಳಲಾರೆವು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಬೇಸ್ ಧ್ವನಿಮುದ್ರಣದಲ್ಲಿದೆಯಲ್ಲ, ಬಂದುಬಿಡಿ ಎಂದು ಗೋಟಿಂಗೆನ್‌ನವರು ಫೋನ್ ಮಾಡುತ್ತಿದ್ದಾರೆ. ನಾವು ಹೋಗುವುದಿಲ್ಲ. ಹೌಕೆಯನ್ನು ಹುಡುಕಿಕೊಡಬೇಕಾಗಿ ಕೋರುತ್ತೇನೆ. ಮೇಜು ತಟ್ಟಬೇಡಿ ಎಂದು ತಾವು ಎರಡು ಸಲ ಹೇಳಿದ್ದೀರಿ. ಕೈ ಕೇಳುತ್ತಿಲ್ಲ, ಮೂರಕ್ಕೇ ನಿಲ್ಲಿಸುತ್ತಿದ್ದೇನೆ.

ಬರೆದುಕೊಂಡದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ವಾಲ್ಸ್‌ರೋಡೆ
ದಿನಾಂಕ: 14.10.2023, ಸಂಜೆ 6.10
ಸಹಿ: ಟೋರ್ಬೆನ್ ಹಿನ್ರಿಕ್ಸ್